ಯಾವ ಪೈಕಿ?

ಲಸಿಕೆಯ ಪುಸ್ತಕ ಅಂಗೈಯಗಲದ್ದು. ಮೊದಲ ಪುಟದಲ್ಲಿ ಐದು ಗೆರೆ: ಹೆಸರು, ಗಂಡೋ ಹೆಣ್ಣೋ, ಬಣ್ಣ, ವಯಸ್ಸು, ತಳಿ. ಪಶುವೈದ್ಯರು ಸರಸರನೆ ತುಂಬಿಸುತ್ತ ಬಂದು ಕೊನೆಯ ಗೆರೆಯ ಹತ್ತಿರ ಪೆನ್ನು ಎತ್ತಿ ಹಿಡಿದು, “ಇಲ್ಲೇನು ಬರೀಲಿ ಮೇಡಂ?” ಎಂದರು. ಸ್ಟೀಲಿನ ಮೇಜಿನ ಮೇಲೆ ಬಾಲವನ್ನು ಹೊಟ್ಟೆಯಡಿಗೆ ಸಿಕ್ಕಿಸಿಕೊಂಡು ನಡುಗುತ್ತ ನಿಂತಿದ್ದ ನಾಯಿಯನ್ನು ನೋಡಿದೆ. ಮೈಯೆಲ್ಲ ಕಪ್ಪು. ಎದೆಯ ಮೇಲೆ ವೀಳ್ಯದೆಲೆಯಷ್ಟು ಬಿಳಿ. ಮುಂಗಾಲಿನ ಬೆರಳುಗಳೂ ಬಿಳಿ. ಕಣ್ಣಿನ ಮೇಲೆ ಎರಡು ಕಂದು ಚುಕ್ಕಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಿಚಿದ್ದು. “ಶೆಲ್ಟರ್‌ನವರು ಲ್ಯಾಬ್ ಮಿಕ್ಸ್ ಅಂತ ಬರೆದಿದ್ರು” ಎಂದೆ. ಡಾಕ್ಟರು ಅದರ ಮೂತಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ನನಗೇನೂ ಲ್ಯಾಬ್ ಕಾಣಿಸ್ತಿಲ್ಲ” ಎಂದು ಗೆರೆಯನ್ನು ಹಾಗೇ ಬಿಟ್ಟು ಸಹಿ ಮಾಡಿದರು.

ಆಟೋದಲ್ಲಿ ಮನೆಗೆ ಬರುವಾಗ ಆ ಖಾಲಿ ಗೆರೆಯನ್ನು ಮತ್ತೆ ಮತ್ತೆ ತೆರೆದು ನೋಡಿದೆ. 1993ರ ಜೂನ್ ತಿಂಗಳಲ್ಲಿ ಇಂಥದೇ ಇನ್ನೊಂದು ಗೆರೆಯ ಮುಂದೆ ನಾನೂ ನಮ್ಮ ಮನೆಯವರೂ ಕೂತಿದ್ದೆವು. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಹೋಗಿದ್ದಾಗ ಶಾಲೆಯ ಗುಮಾಸ್ತರು ಅರ್ಜಿಯಲ್ಲಿ ‘ಜಾತಿ’ ಎಂದಿದ್ದ ಕಡೆ ಬೆರಳಿಟ್ಟು ನಮ್ಮಿಬ್ಬರ ಮುಖ ನೋಡಿದರು. ಅವರದು ಒಂದು, ನನ್ನದು ಒಂದು. “ಖಾಲಿ ಬಿಡಿ” ಎಂದರು ನಮ್ಮ ಮನೆಯವರು. “ಖಾಲಿ ಬಿಡೋಕೆ ಬರಲ್ಲ ಸಾರ್. ತಂದೆಯದು ಹಾಕೋದು ರೂಢಿ” ಎಂದು ಅವರೇ ಬರೆದುಕೊಂಡರು. ಅವತ್ತು ನನ್ನ ಅರ್ಧ ಮಗಳು ಆ ಕಾಗದದಿಂದ ಹೊರಗುಳಿದಳು.

ಆ ಎರಡು ಜಾತಿಗಳು ಯಾವುವು ಅಂತ ನಾನಿಲ್ಲಿ ಬರೆಯುವುದಿಲ್ಲ. ಓದುತ್ತಿರುವ ನಿಮಗೆ ಈಗಾಗಲೇ ಊಹಿಸಬೇಕು ಅನ್ನಿಸಿದ್ದರೆ, ಈ ಬರಹ ಆ ಅನ್ನಿಸಿಕೆಯನ್ನು ಕುರಿತದ್ದೇ.

ನಾವು ಮೈಸೂರಿನಲ್ಲಿರುವವರು. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದೆ. ಅವರು ವಿದ್ಯುತ್ ಇಲಾಖೆಯಲ್ಲಿದ್ದವರು. ಮಗಳು ಅಮೆರಿಕದಲ್ಲಿದ್ದಾಳೆ. ನಾಯಿ ಬೇಕೆಂದವಳು ನಾನು, ದುಡ್ಡು ಕೊಟ್ಟು ತರುವುದು ಬೇಡವೆಂದವರು ಅವರು. ಊರಾಚೆಯ ಶೆಲ್ಟರ್‌ಗೆ ಹೋದಾಗ ಒಂದೊಂದು ಗೂಡಿನ ಮುಂದೆಯೂ ಒಂದೊಂದು ರಟ್ಟು ತೂಗುಹಾಕಿತ್ತು. ಇವಳ ರಟ್ಟಿನ ಮೇಲೆ ‘ಹೆಣ್ಣು, ಸುಮಾರು ಎರಡು ವರ್ಷ, ಲ್ಯಾಬ್ ಮಿಕ್ಸ್’ ಎಂದಿತ್ತು. ರಿಂಗ್ ರೋಡಿನ ಪಕ್ಕ ಸಿಕ್ಕಿದಳಂತೆ. ವಯಸ್ಸನ್ನು ಹಲ್ಲು ನೋಡಿ ಅಂದಾಜು ಮಾಡಿದ್ದರು. ಎಡಗಿವಿಯ ತುದಿಯಲ್ಲಿ ಚಿಕ್ಕದಾಗಿ ಕತ್ತರಿಸಿದ ಗುರುತಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಗೆ ಹಾಗೆ ಮಾಡುತ್ತಾರೆ. ಅವಳ ಹಿಂದಿನ ಬದುಕಿನ ಬಗ್ಗೆ ಖಂಡಿತವಾಗಿ ಹೇಳಬಹುದಾದದ್ದು ಆ ಕಿವಿಯ ಗುರುತೊಂದೇ. ಮಿಕ್ಕಿದ್ದೆಲ್ಲ ಊಹೆ.

ಆ ಊಹೆಗಳಿಗೆ ನಮ್ಮ ಬೀದಿಯಲ್ಲಿ ಕೊರತೆಯಾಗಲಿಲ್ಲ. ಹಾಲಿನವನು ಮೊದಲ ದಿನವೇ, “ಡಾಬರ್‌ಮನ್ ಕ್ರಾಸು ಅಮ್ಮೋರೆ, ಕಣ್ಮೇಲಿನ ಚುಕ್ಕೆ ನೋಡಿ” ಎಂದ. ಎದುರುಮನೆಯವರಿಗೆ ಅದೇ ಚುಕ್ಕೆ ರಾಟ್‌ವೀಲರ್ ಆಗಿ ಕಂಡಿತು. ನಮ್ಮ ಮನೆಯವರಿಗೆ ಮಾತ್ರ ಮುಧೋಳ. ಅವರು ಜಮಖಂಡಿಯಲ್ಲಿ ಮೂರು ವರ್ಷ ಕೆಲಸದಲ್ಲಿದ್ದವರು. ಪಕ್ಕದ ಮುಧೋಳದ ಬೇಟೆನಾಯಿಗಳು ಹೊಲದ ಬದುವಿನ ಮೇಲೆ ಓಡುವುದನ್ನು ಕಣ್ಣಾರೆ ಕಂಡವರು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಚೀಟಿ ತಂದಾಗ ಮುಧೋಳದ್ದನ್ನು ಕೊಂಡು ಡೈರಿಯಲ್ಲಿಟ್ಟುಕೊಂಡಿದ್ದಾರೆ. ಆ ಚೀಟಿಯನ್ನು ಇವಳ ಪಕ್ಕ ಹಿಡಿದು, “ಈ ಸೊಂಟ ನೋಡು, ಈ ಉದ್ದ ಮೂತಿ ನೋಡು. ಮುಧೋಳದ ರಕ್ತ ಇಲ್ಲದೆ ಹೀಗಿರಲ್ಲ” ಎನ್ನುತ್ತಿದ್ದರು. ಸೊಂಟ ಸಣ್ಣಗಿದ್ದದ್ದು ಹೊಟ್ಟೆಗಿಲ್ಲದೆ ಎಂದು ನನಗೆ ಅನ್ನಿಸುತ್ತಿತ್ತು. ಹೇಳಲಿಲ್ಲ.

ಹೀಗೆ ಮೂಗು ಒಂದು ಕಡೆಗೆ, ಬಣ್ಣ ಒಂದು ಕಡೆಗೆ ಹಂಚುವುದನ್ನು ನಾನು ಮೊದಲು ಕೇಳಿದ್ದು ಮಗಳ ತೊಟ್ಟಿಲ ಬಳಿ. ನಮ್ಮ ಕಡೆಯವರು ಬಂದು, “ಬಣ್ಣ ಅವ್ರ ಕಡೇದು, ಮೂಗು ಮಾತ್ರ ನಮ್ಮದು ಕಣವ್ವ” ಎಂದರು. ಅವರ ಕಡೆಯವರು ಬಂದು ಅದೇ ಮೂಗನ್ನು ತಮ್ಮ ಅಜ್ಜನಿಗೆ ಕೊಟ್ಟರು. ಆಮೇಲೆ ಅವಳು ದೊಡ್ಡವಳಾದಂತೆ ಲೆಕ್ಕ ಗುಣಕ್ಕೆ ಬಂತು. ಹಟ ಮಾಡಿದರೆ ಒಂದು ಜಾತಿಯ ಬುದ್ಧಿ, ಲೆಕ್ಕದಲ್ಲಿ ಹೆಚ್ಚು ಅಂಕ ಬಂದರೆ ಇನ್ನೊಂದು ಜಾತಿಯದು. ಮಗು ಮಾಡಿದ್ದೆಲ್ಲಕ್ಕೂ ಯಾರೋ ವಾರಸುದಾರರು. ಅವಳ ಪಾಲಿಗೆ ಅವಳದೇ ಅಂತ ಏನೂ ಉಳಿಯಲಿಲ್ಲ. ಅವರೆಲ್ಲ ಪ್ರೀತಿ ಇದ್ದವರೇ, ಮಗುವಿಗೆ ಬೆಳ್ಳಿ ಕಾಲ್ಗೆಜ್ಜೆ ತಂದವರೇ. ಅದಕ್ಕೇ ಅದು ಇವತ್ತಿಗೂ ನನ್ನೊಳಗೆ ಕರಗಿಲ್ಲ.

ಮೂಗಿನ ಮಾತು ಮನೆಮಂದಿಯ ಹರಟೆ ಮಾತ್ರವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲ ನಾಯಿ ಪ್ರದರ್ಶನ ನಡೆದದ್ದು 1859ರಲ್ಲಿ, ನ್ಯೂಕ್ಯಾಸಲ್‌ನಲ್ಲಿ. ಕೆನೆಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಬೇಟೆನಾಯಿ, ಕುರಿ ಕಾಯುವ ನಾಯಿ ಅದಕ್ಕೂ ಮೊದಲೇ ಸಾವಿರಾರು ವರ್ಷಗಳಿಂದ ಇದ್ದವು, ಕೆಲಸಕ್ಕೆ ತಕ್ಕ ಹಾಗೆ. ಆದರೆ ವಂಶಾವಳಿಯ ಪುಸ್ತಕ ಬರೆದು, ಇದರೊಳಗೆ ಹೆಸರಿಲ್ಲದ್ದು ಹೊರಗೆ ಎಂದು ಬಾಗಿಲು ಹಾಕಿದ್ದು ಆಗ. ಅದೇ ಕಾಲದಲ್ಲಿ, 1871-72ರ ಜನಗಣತಿಯಿಂದ ಶುರುವಾಗಿ, ನಮ್ಮ ದೇಶದ ಜನರನ್ನೂ ಬ್ರಿಟಿಷರು ಕಾಲಂಗಳಲ್ಲಿ ಜೋಡಿಸತೊಡಗಿದರು. 1901ರ ಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ ಉದ್ದ ಅಳೆದು ಜಾತಿಗಳ ಮೇಲುಕೀಳನ್ನು ವಿವರಿಸಲು ಹೊರಟವನು. ಜಾತಿಯನ್ನು ಅವರು ಸೃಷ್ಟಿಸಲಿಲ್ಲ, ಆ ಪಾಪ ನಮ್ಮದೇ. ಆದರೆ ಅಳತೆಪಟ್ಟಿ ಕೊಟ್ಟರು. ನಮ್ಮ ಬೀದಿನಾಯಿಗೆ ಅವರ ಭಾಷೆಯಲ್ಲಿ ಸಿಕ್ಕ ಹೆಸರು ‘ಪರಿಯಾ ನಾಯಿ’. ಪರೆ ಎಂಬ ತಮಟೆ ಬಾರಿಸುತ್ತಿದ್ದ ತಮಿಳು ಸಮುದಾಯದ ಹೆಸರದು. ಮನುಷ್ಯರನ್ನು ಹೊರಗಿಟ್ಟ ಹೆಸರನ್ನೇ ತೆಗೆದು ನಾಯಿಗೆ ಅಂಟಿಸಿದರು; ಅದು ಪುಸ್ತಕಗಳಲ್ಲಿ ಇನ್ನೂ ಇದೆ.

ನಮ್ಮ ಕನ್ನಡವೇನೂ ಹಿಂದೆ ಬಿದ್ದಿಲ್ಲ. ಬೆಲೆಬಾಳುವ ನಾಯಿಗೆ ‘ಜಾತಿ ನಾಯಿ’ ಅನ್ನುತ್ತೇವೆ. ಯಾವ ಜಾತಿ ಅಂತ ಹೇಳುವುದೂ ಬೇಡ, ಜಾತಿ ಇದೆ ಅಂದರೆ ಸಾಕು, ಒಳ್ಳೆಯದು. ಮಿಕ್ಕಿದ್ದು ಕಂತ್ರಿ. ‘ಕಂತ್ರಿ ಬುದ್ಧಿ’ ಎಂದು ಮನುಷ್ಯನಿಗೂ ಬೈಯುತ್ತೇವೆ, ‘ಬೆರಕೆ’ ಎಂದು ಇನ್ನೂ ಕೆಟ್ಟದಾಗಿ. ನನಗೆ ಆ ಬೆರಕೆ ಎಂಬ ಮಾತು ಬೈಗುಳವಾಗಿ ಕಿವಿಗೆ ಬಿದ್ದದ್ದು ಮದುವೆಯಾದ ಮೇಲೆ. ಅದಕ್ಕೆ ಮೊದಲು ಅದು ರುಚಿಯ ಮಾತಾಗಿತ್ತು. ಮದ್ದೂರು ತಾಲ್ಲೂಕಿನ ನಮ್ಮೂರಿನಲ್ಲಿ ಮಳೆ ಬಿದ್ದು ವಾರಕ್ಕೆ ಅವ್ವ ಹೊಲದ ಬದುವಿನಿಂದ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದಳು. ಅಣ್ಣೆ, ಗೋಣಿ, ಹೊನಗೊನ್ನೆ, ಕನ್ನೆ, ಹೆಸರು ಗೊತ್ತಿಲ್ಲದ ಇನ್ನೂ ಏನೇನೋ. ಒಂದೇ ಸೊಪ್ಪಿನ ಸಾರು ಸಪ್ಪೆ ಅನ್ನುತ್ತಿದ್ದಳು. ಬೆರಕೆಯಿದ್ದರೇ ಬಸ್ಸಾರಿಗೆ ಬೆಲೆ, ಮುದ್ದೆಯ ಜೊತೆ ಅದರ ಸಮಕ್ಕೆ ಇನ್ನೊಂದಿಲ್ಲ. ಅದೇ ಅವ್ವ ನನ್ನ ಮದುವೆಯ ಸುದ್ದಿ ಕೇಳಿ ಎರಡು ವರ್ಷ ಮಾತು ಬಿಟ್ಟಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಇವಳ ಜಾತಿ ತಿಳಿಯಲು ಯಾಕೆ ಚಡಪಡಿಸಿದೆ? ರಾತ್ರಿ ಅವಳು ಬಾಗಿಲ ಬಳಿ ಉಸಿರು ಬಿಡುತ್ತ ಮಲಗಿರುವಾಗ ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ಕಾರಣ ಭಯ. 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ 23 ತಳಿಯ ನಾಯಿಗಳನ್ನು, ಅವುಗಳ ಬೆರಕೆಗಳನ್ನೂ ಸೇರಿಸಿ, ಅಪಾಯಕಾರಿ ಎಂದು ಪಟ್ಟಿ ಮಾಡಿ ಸಾಕಲು ಪರವಾನಗಿ ಕೊಡಬೇಡಿ ಎಂದು ರಾಜ್ಯಗಳಿಗೆ ಬರೆಯಿತು. ರಾಟ್‌ವೀಲರ್ ಅದರಲ್ಲಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ನಮ್ಮ ಹೈಕೋರ್ಟು ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರೂ, ಎದುರುಮನೆಯವರ ಬಾಯಲ್ಲಿ ರಾಟ್‌ವೀಲರ್ ಎಂಬ ಮಾತು ಬಂದಾಗ ನನಗೆ ಎದೆ ಹೊಡೆದುಕೊಂಡಿತು. ಕಣ್ಣಿನ ಮೇಲಿನ ಎರಡು ಚುಕ್ಕಿಯಿಂದ ಒಂದು ಜೀವ ಅಪರಾಧಿಯ ಪಟ್ಟಿಗೆ ಸೇರಬಹುದಿತ್ತು.

ಇನ್ನೊಂದು ಕಾರಣ ಇನ್ನೂ ಆಳದ್ದು. ತಳಿ ಗೊತ್ತಾದರೆ ನಾಯಿ ಗೊತ್ತಾದ ಹಾಗೆ ಎಂಬ ನಂಬಿಕೆ. ಲ್ಯಾಬ್ ಆದರೆ ಮಕ್ಕಳ ಹತ್ತಿರ ಬಿಡಬಹುದು, ಡಾಬರ್‌ಮನ್ ಆದರೆ ಕಟ್ಟಿಹಾಕಬೇಕು. ಬಾಡಿಗೆ ಮನೆ ಹುಡುಕಿ ಹೋದಾಗ ಮಾಲೀಕರು ನಮ್ಮನ್ನೂ ಹೀಗೇ ತಿಳಿದುಕೊಳ್ಳಲು ನೋಡುತ್ತಿದ್ದರು. “ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?” ಉತ್ತರ ಸಿಕ್ಕರೆ ನಾವು ಏನು ತಿನ್ನುತ್ತೇವೆ, ಎಷ್ಟು ಹೊತ್ತಿಗೆ ಏಳುತ್ತೇವೆ, ಬಾಡಿಗೆ ಕೊಡುತ್ತೇವೋ ಇಲ್ಲವೋ, ಎಲ್ಲ ಗೊತ್ತಾಗಿಬಿಡುತ್ತದೆ ಅವರಿಗೆ. ನಮ್ಮನ್ನು ನೋಡುವ ಕಷ್ಟ ತಪ್ಪುತ್ತದೆ.

ಮಗಳು ಕಳಿಸಿದ ಲೇಖನಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ವಿಕ್ಟೋರಿಯಾ ವೋಯ್ತ್ ಎಂಬ ಪಶುವೈದ್ಯೆ 2009ರಲ್ಲಿ ಶೆಲ್ಟರ್‌ಗಳಿಂದ ಬಂದ 20 ನಾಯಿಗಳನ್ನು ತೆಗೆದುಕೊಂಡು, ಅಲ್ಲಿನವರು ನೋಡಿ ಹೇಳಿದ ತಳಿಯನ್ನು ಡಿಎನ್‌ಎ ಪರೀಕ್ಷೆಯ ಜೊತೆ ಹೋಲಿಸಿದರು. ಹೇಳಿದ ತಳಿಗಳಲ್ಲಿ ಒಂದಾದರೂ ಪರೀಕ್ಷೆಯಲ್ಲಿ ಮುಖ್ಯವಾಗಿ ಕಂಡದ್ದು ನಾಲ್ಕರಲ್ಲೊಂದು ನಾಯಿಯಲ್ಲಿ ಮಾತ್ರ. ದಿನವೂ ನಾಯಿಗಳ ಮಧ್ಯೆ ಇರುವವರ ಕಣ್ಣಿನ ಪಾಡು ಇದು. ಕಾರಣ ಕೇಳಿ ಬೆರಗಾದೆ. ನಾಯಿಗೆ ಸುಮಾರು 20 ಸಾವಿರ ಜೀನ್‌ಗಳಿವೆ. ಕೂದಲು ಉದ್ದವೋ ಗಿಡ್ಡವೋ, ಗುಂಗುರೋ ನೇರವೋ, ಗಡ್ಡ ಹುಬ್ಬು ಇದೆಯೋ ಇಲ್ಲವೋ ಎಂಬುದರ ಬಹುಪಾಲನ್ನು ಅವುಗಳಲ್ಲಿ ಮೂರೇ ಮೂರು ನಿರ್ಧರಿಸುತ್ತವೆ. ಕಣ್ಣಿಗೆ ಕಾಣುವುದು ಅಷ್ಟೇ. ಅದನ್ನು ಹಿಡಿದು ಉಳಿದ ಸಾವಿರಾರನ್ನು ಓದುತ್ತೇವೆ ಎನ್ನುತ್ತೇವೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲರ್ ಎಂಬಿಬ್ಬರು ವರ್ಷಗಟ್ಟಲೆ ನಾಯಿಗಳನ್ನು ಬೆರೆಸಿ ನೋಡಿ 1965ರಲ್ಲಿ ಪುಸ್ತಕ ಬರೆದರು. ಬೊಗಳದ ಆಫ್ರಿಕದ ಬಸೆಂಜಿಗೂ ಜೋಲುಗಿವಿಯ ಕಾಕರ್ ಸ್ಪೇನಿಯಲ್‌ಗೂ ಹುಟ್ಟಿದ ಮರಿಗಳನ್ನು ನೋಡಿದರೆ ತಂದೆ ತಾಯಿ ಯಾರು ಅಂತ ಹೇಳಲು ಯಾರಿಂದಲೂ ಆಗುವಂತಿರಲಿಲ್ಲ.

ಗುಣದ ಮಾತು ಇನ್ನೂ ದೂರ. 2022ರಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದ ಅಧ್ಯಯನವೊಂದು ಬಂತು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲಾಗುವುದು ನೂರಕ್ಕೆ ಸುಮಾರು 9 ಭಾಗ. ಆ ಒಂಬತ್ತು ಸುಳ್ಳಲ್ಲ. ಕುರಿ ಕಾಯಲು ಸಾಕಿದ ನಾಯಿ ಹೇಳಿದ ಮಾತು ಬೇಗ ಕಲಿಯುತ್ತದೆ. ಆದರೆ ತೊಂಬತ್ತೊಂದು ಭಾಗವನ್ನು ಬಿಟ್ಟು ಒಂಬತ್ತರ ಮೇಲೆ ಮನೆ ಕಟ್ಟಿದ್ದೆವಲ್ಲ ಎಂದು ಲೇಖನ ಮುಚ್ಚಿಟ್ಟೆ.

ಆಮೇಲೂ ಮಗಳು ರಜೆಗೆ ಬಂದಾಗ ಪರೀಕ್ಷೆಯ ಪೆಟ್ಟಿಗೆ ತಂದಳು. ತರಬೇಡ ಅಂತ ನಾನು ಹೇಳಲಿಲ್ಲ. ಉದ್ದ ಕಡ್ಡಿಯನ್ನು ಕೆನ್ನೆಯ ಒಳಗೆ ಅರ್ಧ ನಿಮಿಷ ಉಜ್ಜಿ ಕೊಳವೆಯಲ್ಲಿ ಹಾಕಿದೆವು. ಹಿಂತಿರುಗುವಾಗ ಒಯ್ದಳು. ಫಲಿತಾಂಶ ಬರುವ ಹೊತ್ತಿಗೆ ಇವಳು ನಮ್ಮಲ್ಲಿಗೆ ಬಂದು ಆರು ತಿಂಗಳಾಗಿತ್ತು. ಕನ್ನಡದ ವ್ಯಾಕರಣ ಪ್ರಾಣಿಗೆ ‘ಅದು’ ಎನ್ನುತ್ತದೆ. ನಾನು ‘ಅದು’ ಬಿಟ್ಟು ‘ಅವಳು’ ಎನ್ನತೊಡಗಿದ್ದು ಆ ಆರು ತಿಂಗಳಲ್ಲಿ, ಯಾವ ದಿನವೋ ಗೊತ್ತಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಗಳು ಫೋನಿನಲ್ಲಿ ಓದಿದಳು. “ಅಮ್ಮಾ, ಲ್ಯಾಬ್ ಇಲ್ಲ, ಮುಧೋಳ ಇಲ್ಲ, ರಾಟ್‌ವೀಲರ್ ಇಲ್ಲ. ದಕ್ಷಿಣ ಏಷ್ಯಾದ ಹಳ್ಳಿ ನಾಯಿ ಅಂತ ಬಂದಿದೆ, ಪೂರ್ತಿ.” ಹಳ್ಳಿ ನಾಯಿ ಅಂದರೆ ಎಲ್ಲದರ ಬೆರಕೆ ಅಂತ ತಾನೆ ಎಂದೆ. “ಅಲ್ಲಮ್ಮ. ಬೆರಕೆಯೇ ಅಲ್ಲ ಅದು” ಎಂದಳು. ಹಳ್ಳಿ ನಾಯಿಯ ಹಿರಿಯರು ಯಾವ ತಳಿಯ ಪುಸ್ತಕದೊಳಗೂ ಹೋದವರಲ್ಲ. ಲ್ಯಾಬ್, ಡಾಬರ್‌ಮನ್‌ಗಳು ಒಡೆದು ಸೇರಿ ಇದಾದದ್ದಲ್ಲ. ಇಂಥ, ಯಾರೂ ಆರಿಸದ, ತಮ್ಮ ಪಾಡಿಗೆ ತಾವು ಊರಿನ ಅಂಚಿನಲ್ಲಿ ಬದುಕಿದ ನಾಯಿಗಳಿಂದ ಒಂದೊಂದು ಹಿಡಿ ಎತ್ತಿಕೊಂಡು ಬೇಲಿ ಹಾಕಿದ್ದೇ ತಳಿಗಳಾದವು. ಕಪ್ಪು ಮೈ, ಕಂದು ಚುಕ್ಕಿ, ಸಣ್ಣ ಸೊಂಟ, ಎಲ್ಲ ಮೊದಲು ಇವುಗಳಲ್ಲೇ ಇತ್ತು.

ಫೋನ್ ಇಟ್ಟು ಬಹಳ ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ಯಾವುದರ ಬೆರಕೆ ಎಂದು ಕೇಳುವವನು ಮೊದಲು ಶುದ್ಧವಾದವು ಇದ್ದವು, ಆಮೇಲೆ ಅವು ಬೆರೆತವು ಎಂದು ಒಪ್ಪಿಕೊಂಡೇ ಕೇಳುತ್ತಾನೆ. ನಲವತ್ತು ವರ್ಷ ನಾನೂ ಹಾಗೇ ತಿಳಿದಿದ್ದೆ. ಎರಡು ಜಾತಿ ಇದ್ದವು, ನಾವಿಬ್ಬರೂ ಗೆರೆ ದಾಟಿದೆವು, ಮಗಳು ಬೆರಕೆಯಾದಳು. ಅದರಲ್ಲಿ ತಪ್ಪಿಲ್ಲ ಎಂದು ವಾದಿಸುತ್ತಿದ್ದೆನೇ ಹೊರತು, ಬೆರಕೆಯೇ ಮೊದಲು, ಗೆರೆ ಆಮೇಲಿನದು ಎಂದು ನನಗೆ ಹೊಳೆದಿರಲಿಲ್ಲ.

ಆದರೆ ಇದನ್ನು ಮೊದಲೇ ಹೇಳಿದವನೊಬ್ಬನಿದ್ದ, ನಾನು ಪಾಠದಲ್ಲಿ ಅವನನ್ನು ದಾಟಿ ಹೋಗಿದ್ದೆ. ಮಹಾಭಾರತದ ವನಪರ್ವದಲ್ಲಿ ಹೆಬ್ಬಾವಾಗಿ ಬಿದ್ದಿದ್ದ ನಹುಷ ಭೀಮನನ್ನು ಸುತ್ತಿಕೊಂಡು, ಬ್ರಾಹ್ಮಣ ಯಾರು ಎಂದು ಧರ್ಮರಾಯನನ್ನು ಕೇಳುತ್ತಾನೆ. ಸತ್ಯ, ದಾನ, ಕ್ಷಮೆ, ಶೀಲ ಇದ್ದವನು ಎಂಬುದು ಉತ್ತರ. ಹಾಗಾದರೆ ಹುಟ್ಟಿನ ಜಾತಿ ಏನಾಯಿತು ಎಂದು ಹಾವು ಪಟ್ಟು ಹಿಡಿದಾಗ ಧರ್ಮರಾಯ ಹೇಳುವುದು ಇದು: ಎಲ್ಲ ವರ್ಣಗಳೂ ಬೆರೆತುಹೋಗಿರುವುದರಿಂದ ಮನುಷ್ಯರಲ್ಲಿ ಜಾತಿಯನ್ನು ಪರೀಕ್ಷಿಸಿ ತಿಳಿಯುವುದು ಕಷ್ಟ, ಆದ್ದರಿಂದ ನಡತೆಯೇ ಮುಖ್ಯ. ಪರೀಕ್ಷೆಗೆ ನಿಲುಕದ್ದು ಎಂದ ಅವನು. ಕಡ್ಡಿ ಕೊಳವೆಗಳಿಲ್ಲದ ಕಾಲದಲ್ಲಿ ಅಷ್ಟು ಖಚಿತವಾಗಿ.

ನಡತೆಯೇ ಮುಖ್ಯ ಎಂಬ ಮಾತು ನನಗೆ ಬಹುಕಾಲ ಸಾಕೆನಿಸಿತ್ತು. ಈಗ ಸಾಲದು. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನನ್ನು ನೆನೆಯಿರಿ. ಗೋತ್ರ ಯಾವುದು ಎಂದು ಗುರು ಕೇಳಿದಾಗ ಆ ಹುಡುಗ, ನನ್ನ ತಾಯಿಗೂ ಗೊತ್ತಿಲ್ಲವಂತೆ, ನಾನು ಜಬಾಲೆಯ ಮಗ ಎಂದಷ್ಟೇ ಗೊತ್ತು ಎನ್ನುತ್ತಾನೆ. ಗುರು ಅವನನ್ನು ಸೇರಿಸಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ಈ ಕಥೆ ಹೇಳಿ ನಾನೇ ಗದ್ಗದಳಾಗಿದ್ದುಂಟು. ಆದರೆ ಗುರು ಕೊಟ್ಟ ಕಾರಣವೇನು? ಬ್ರಾಹ್ಮಣನಲ್ಲದವನು ಹೀಗೆ ನಿಜ ಹೇಳಲಾರ ಎಂದು. ಗೋತ್ರ ಗೊತ್ತಿಲ್ಲದಿದ್ದರೂ ನಡತೆಯಿಂದ ಹುಟ್ಟನ್ನು ಊಹಿಸಿಯೇ ಬಿಟ್ಟ! ಇಷ್ಟು ಸಾಧು ಇದೆ, ಲ್ಯಾಬ್ ರಕ್ತ ಇರಲೇಬೇಕು ಎಂದು ಶೆಲ್ಟರ್‌ನಲ್ಲಿ ರಟ್ಟು ಬರೆದವರು ಹೇಳಿದ್ದೂ ಇದೇ. ಹುಡುಗನ ಸತ್ಯ ಹುಡುಗನದಾಗಿ ಉಳಿಯಲಿಲ್ಲ, ವಂಶಕ್ಕೆ ಜಮೆಯಾಯಿತು. ನನ್ನ ಮಗಳ ಲೆಕ್ಕದ ಅಂಕಗಳ ಹಾಗೆ.

ಇನ್ನೊಂದು ತೊಡಕೂ ಇದೆ. ನಡತೆಯೇ ಅಳತೆಯಾದರೆ ನಡತೆ ಕೆಟ್ಟವರ ಗತಿ? ಇವಳು ಬಂದ ಮೊದಲ ತಿಂಗಳು ಎರಡು ಸಲ ನನ್ನ ಕೈಗೆ ಬಾಯಿ ಹಾಕಿದಳು. ಅನ್ನದ ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುತ್ತಿದ್ದಳು. ಶೀಲ ನೋಡಿ ಇಟ್ಟುಕೊಳ್ಳುವುದಾಗಿದ್ದರೆ ವಾಪಸು ಬಿಟ್ಟು ಬರಬೇಕಿತ್ತು. ಹಾಗೆ ಬಿಟ್ಟುಹೋದ ನಾಯಿಗಳ ರಟ್ಟುಗಳನ್ನೂ ಅಲ್ಲಿ ಕಂಡಿದ್ದೆ.

ಧರ್ಮರಾಯನ ಎರಡನೆಯ ಉತ್ತರ ನನಗೆ ಅರ್ಥವಾದದ್ದು ಆಗ. ಮಹಾಪ್ರಸ್ಥಾನದ ಕಥೆ ನಮ್ಮ ಮಕ್ಕಳಿಗೆ ಪಾಠದಲ್ಲಿ ಸಿಗುವುದು ಕಡಿಮೆ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ನಾನು ಓದಿದ್ದು ಹೈಸ್ಕೂಲಿನಲ್ಲಿ, ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ದಲ್ಲಿ. ಕೊನೆಯ ಪಯಣಕ್ಕೆ ಹೊರಟ ಪಾಂಡವರ ಹಿಂದೆ ಹಸ್ತಿನಾವತಿಯಿಂದ ಒಂದು ನಾಯಿ ಬಂತು. ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ನಾಯಿ ಉಳಿಯಿತು. ಇಂದ್ರ ರಥ ತಂದು, ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ, ಬಿಟ್ಟು ಹತ್ತು ಎಂದ. ಹತ್ತುವುದಿಲ್ಲ ಎಂದ ಧರ್ಮರಾಯ. ಈ ನಾಯಿ ಒಳ್ಳೆಯದು, ಶೀಲವುಳ್ಳದ್ದು ಎಂದು ಅವನು ವಾದಿಸಲಿಲ್ಲ. ಹಾವಿಗೆ ಹೇಳಿದ ಪಟ್ಟಿಯನ್ನು ಇಲ್ಲಿ ತೆಗೆಯಲೇ ಇಲ್ಲ. ನನ್ನನ್ನು ನಂಬಿ ಬಂದಿದೆ, ಅದಕ್ಕೆ ಬೇರೆ ಯಾರೂ ಇಲ್ಲ, ಬಿಡಲಾರೆ. ಅಷ್ಟೇ. ಹುಟ್ಟೂ ಬೇಡ, ಗುಣವೂ ಬೇಡ, ಜೊತೆಗೆ ನಡೆದು ಬಂದದ್ದು ಸಾಕು. ಹಾವಿನ ಮುಂದೆ ಅವನು ಜ್ಞಾನಿ. ನಾಯಿಯ ಪಕ್ಕ ನಿಂತಾಗಲೇ ಅವನು ಧರ್ಮರಾಯನಾದ ಎಂದು ನನ್ನ ಭಾವನೆ.

ಕೊನೆಗೆ ಆ ನಾಯಿ ಯಮಧರ್ಮನಾಗುವುದು ನನಗೆ ಇವತ್ತಿಗೂ ಸಂಕಟ. ಕವಿಗೂ ತಾಳಲಾಗಲಿಲ್ಲವೇನೋ, ನಾಯಿಗೂ ಒಂದು ದೊಡ್ಡ ವಂಶ ಹುಡುಕಿ ಕೊಟ್ಟ. ಇದನ್ನು ಮನೆಯವರ ಹತ್ತಿರ ಹೇಳಿದೆ. ಅವರು ಯೋಚಿಸಿ, “ಆದ್ರೆ ಅವನಿಗೆ ಅದು ಗೊತ್ತಾಗಿದ್ದು ಆಮೇಲೆ ತಾನೆ? ಹತ್ತಲ್ಲ ಅಂದಾಗ ಬರೀ ನಾಯೀನೇ” ಎಂದರು. ನನ್ನ ಸಂಕಟ ಅಲ್ಲಿಗೆ ಅರ್ಧ ಇಳಿಯಿತು.

ಇವಳ ಹೆಸರು ಕಾಳಿ. ಕಪ್ಪಗಿರುವುದಕ್ಕೆ ಇಟ್ಟದ್ದೆಂದು ಬೀದಿಯವರು ತಿಳಿದಿದ್ದಾರೆ. ಅದು ನಮ್ಮ ತಾಲ್ಲೂಕಿನ ಆತಕೂರಿನ ಶಾಸನದ ಹೆಸರು. ಹತ್ತನೆಯ ಶತಮಾನದ ನಡುವಿನ ಕಲ್ಲದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ಏನು ಬೇಕೆಂದು ಕೇಳಿದಾಗ, ಅವನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಹಂದಿಯೂ ನಾಯಿಯೂ ಸತ್ತವು. ಮಣಲೆರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣುವಂತಿಲ್ಲ ಎಂದು ಬರೆಸಿದ. ಕಲ್ಲಿನ ಮೇಲೆ ನಾಯಿ ಹಂದಿಯ ಮೈಮೇಲೆ ಎಗರಿರುವ ಚಿತ್ರವಿದೆ. ನಾನು ಅದರ ಮುಂದೆ ಒಂದು ಗಂಟೆ ನಿಂತಿದ್ದೆ. ರಾಷ್ಟ್ರಕೂಟರ, ಗಂಗರ ಬಿರುದಾವಳಿಗಳನ್ನೆಲ್ಲ ಕೊರೆದ ಆ ಶಾಸನದಲ್ಲಿ ನಾಯಿಗೆ ಹೆಸರಿದೆ, ಕೆಲಸವಿದೆ, ಸಾವಿದೆ. ತಳಿ ಇಲ್ಲ.

ಪರೀಕ್ಷೆಯ ವರದಿಯನ್ನು ಮನೆಯವರು ಅಂಚೆಚೀಟಿಯ ಡೈರಿಯಲ್ಲಿ ಮಡಿಸಿಟ್ಟಿದ್ದಾರೆ. ಲಸಿಕೆಯ ಪುಸ್ತಕದ ಗೆರೆ ಇನ್ನೂ ಖಾಲಿಯೇ ಇದೆ. ಬರೆಯಲು ಡಾಕ್ಟರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನಗೆ ತಿಳಿಯಬೇಕಾದದ್ದು ಬೇರೆ ಇದೆ, ಅದನ್ನು ಯಾವ ಕಡ್ಡಿ ಕೊಳವೆಯೂ ಹೇಳಲಾರದು. ಕಾಳಿಗೆ ಪೊರಕೆ ಕಂಡರೆ ಆಗದು. ತೆಂಗಿನ ಕಡ್ಡಿಪೊರಕೆಯನ್ನು ಮೂಲೆಯಿಂದ ಎತ್ತಿಕೊಂಡರೆ ಸಾಕು, ಮೈ ನೆಲಕ್ಕೆ ಅಂಟಿಸಿ, ಕಣ್ಣು ಮುಚ್ಚಿ, ಉಚ್ಚೆ ಹೊಯ್ದುಕೊಂಡು ಬಿಡುತ್ತಾಳೆ. ಹುಲ್ಲುಪೊರಕೆಗೂ ಹಾಗೇ, ಪ್ಲಾಸ್ಟಿಕ್ಕಿನದಕ್ಕೂ ಹಾಗೇ. ಯಾರ ಮನೆಯ ಪೊರಕೆ, ಎಷ್ಟು ದಿನ, ಯಾತಕ್ಕೆ, ಗೊತ್ತಿಲ್ಲ. ಈಗ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯವರು ಅವಳನ್ನು ಕೆರೆಯ ಕಡೆ ತಿರುಗಾಡಿಸಲು ಕರೆದುಕೊಂಡು ಹೋಗುತ್ತಾರೆ. ಗೇಟಿನ ಸದ್ದು ಕೇಳಿದ ಮೇಲೆ ನಾನು ಪೊರಕೆ ತೆಗೆದು, ಅವರು ಬರುವಷ್ಟರಲ್ಲಿ ಮನೆ ಗುಡಿಸಿ, ಅದನ್ನು ಅಟ್ಟದ ಮೇಲೆ ಇಡುತ್ತೇನೆ.